ಹಸಿರು ದೀಪ ನೋಡಿ ಬಿಲ್ ಪಾಸ್ ಮಾಡಬೇಡಿ

ಪೀಣ್ಯದಲ್ಲಿ ಹೆಡ್ ಆಫೀಸು. ಹುಬ್ಬಳ್ಳಿಯಲ್ಲಿ ಹೊಸದಾಗಿ ಕೊಂಡ ಇನ್ನೊಂದು ಕಂಪನಿಯ ಆಫೀಸು. ಎರಡನ್ನೂ ವಿಪಿಎನ್‌ನಲ್ಲಿ (ಇಂಟರ್ನೆಟ್ ಒಳಗೇ ತೋಡುವ ಖಾಸಗಿ ಸುರಂಗ, ಅದೇ ‘ಟನಲ್’) ಜೋಡಿಸಿ, ಬೆಂಗಳೂರಿನ ಟ್ಯಾಲಿ ಲೆಕ್ಕಪತ್ರ ಹುಬ್ಬಳ್ಳಿಯಲ್ಲೂ ತೆರೆಯುವ ಹಾಗೆ ಮಾಡಬೇಕಿತ್ತು, ಅಷ್ಟೇ. ಎರಡು ದಿನದ್ದು ಅಂದುಕೊಂಡ ಕೆಲಸ ಐದು ವಾರ ತಿಂದಿತು. ಫೈರ್‌ವಾಲ್ (ನೆಟ್‌ವರ್ಕ್ ಬಾಗಿಲ ಕಾವಲು ಡಬ್ಬ) ಡೀಲರ್ ‘ಟನಲ್ ಅಪ್ ಇದೆ ಸಾರ್’ ಅಂದರು. ಇಂಟರ್ನೆಟ್ ಕಂಪನಿಯವರು ‘ಲೈನ್ ಕ್ಲಿಯರ್ ಇದೆ’ ಅಂದರು. ಹುಬ್ಬಳ್ಳಿಯ ಎಎಂಸಿ (ವಾರ್ಷಿಕ ನಿರ್ವಹಣೆ ಗುತ್ತಿಗೆ) ಹುಡುಗ ‘ನಮ್ ಕಡೆ ಎಲ್ಲಾ ಬರೋಬ್ಬರಿ ಐತ್ರಿ’ ಅಂದ. ಟ್ಯಾಲಿ ಮಾತ್ರ ತೆರೆಯಲಿಲ್ಲ. ಅಷ್ಟರಲ್ಲಿ ಡೀಲರ್‌ಗೆ ಪೂರ್ತಿ ಹಣ ಹೋಗಿಯಾಗಿತ್ತು, ‘ಟನಲ್ ಅಪ್’ ಎಂದು ತೋರಿಸುವ ಹಸಿರು ದೀಪದ ಒಂದು ಸ್ಕ್ರೀನ್‌ಶಾಟ್ ನೋಡಿ.

ಯಾರ ಹೆಸರೂ ಇಲ್ಲಿ ಬೇಡ. ಎಲ್ಲೆಲ್ಲಿ ಕೆಟ್ಟಿತು, ಯಾಕೆ ಕೆಟ್ಟಿತು ಅನ್ನುವುದು ಗೊತ್ತಿದ್ದರೆ ಸಾಕು.

ಎರಡೂ ಆಫೀಸಿನ ಒಳಗಿನ ವಿಳಾಸ (ಕಂಪ್ಯೂಟರ್‌ಗಳ ಐಪಿ ನಂಬರ್) ಒಂದೇ: 192.168.1 ಸರಣಿ. ಮೋಡೆಮ್ ಡಬ್ಬದಿಂದ ಬಂದ ಹಾಗೆಯೇ ಯಾರೂ ಬದಲಿಸದೆ ಬಿಟ್ಟದ್ದು. ಟ್ಯಾಲಿ ಸರ್ವರ್ ಇದ್ದದ್ದು 192.168.1.10ರಲ್ಲಿ. ಹುಬ್ಬಳ್ಳಿಯಲ್ಲಿ ಅದೇ ನಂಬರ್ ಸಿಸಿಟಿವಿಯ ರೆಕಾರ್ಡಿಂಗ್ ಡಬ್ಬ ಡಿವಿಆರ್‌ಗೆ ಇತ್ತು. ಡೀಲರ್ ಕಡೆಯವರು ಹುಬ್ಬಳ್ಳಿಯಿಂದ ಸರ್ವರ್‌ಗೆ ಪಿಂಗ್ (‘ಇದ್ದೀಯಾ’ ಎಂದು ಕೇಳುವ ಪುಟ್ಟ ಸಂದೇಶ) ಹೊಡೆದು, ‘ನೋಡಿ, ರಿಪ್ಲೈ ಬರ್ತಿದೆ’ ಎಂದು ತೋರಿಸಿದರು. ರಿಪ್ಲೈ ಬಂದದ್ದು ಒಂದು ಮಿಲಿಸೆಕೆಂಡಿಗಿಂತ ಕಡಿಮೆಯಲ್ಲಿ! ಫೈಬರ್‌ನಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಓಡುತ್ತದೆ. ಹುಬ್ಬಳ್ಳಿಯಿಂದ ಬೆಂಗಳೂರು ರಸ್ತೆಯಲ್ಲಿ 400 ಕಿಲೋಮೀಟರ್ ಆಸುಪಾಸು. ಹೋಗಿ ಬರಲು ಮೂರು ನಾಲ್ಕು ಮಿಲಿಸೆಕೆಂಡಾದರೂ ಬೇಕೇ ಬೇಕು, ನಿಜವಾದ ಲೈನಿನಲ್ಲಿ ಇನ್ನೂ ಹೆಚ್ಚು. ಉತ್ತರ ಕೊಡುತ್ತಿದ್ದದ್ದು ಗೋಡೆಯಾಚೆ ರ‍್ಯಾಕ್‌ನಲ್ಲಿ ಕೂತಿದ್ದ ಡಿವಿಆರ್. ಟಿಟಿಎಲ್ (ದಾಟಿದ ಪ್ರತಿ ರೂಟರ್‌ಗೆ ಒಂದು ಕಡಿಮೆಯಾಗುವ ಅಂಕಿ) 64 ಎಂದೂ ಪರದೆಯಲ್ಲೇ ಬಂದಿತ್ತು. ವಿಂಡೋಸ್ ಸರ್ವರ್ ಆಗಿದ್ದರೆ 128ರಿಂದ ಶುರುವಾಗಿ, ದಾರಿಯ ರೂಟರ್‌ಗಳಲ್ಲಿ ಒಂದೊಂದು ಕಳೆದು, 126ರ ಹತ್ತಿರ ಬರಬೇಕಿತ್ತು. ಪಿಂಗ್ ತೋರಿಸಿದವರಿಗೆ ಈ ಎರಡು ಅಂಕಿ ಓದಿ ಹೇಳಲು ಹೇಳಿ.

ತನ್ನದೇ ಸರಣಿಯ ವಿಳಾಸಕ್ಕೆ ಕಂಪ್ಯೂಟರ್ ಯಾವತ್ತೂ ರೂಟರ್ ಹತ್ತಿರ ಹೋಗುವುದಿಲ್ಲ, ಅಕ್ಕಪಕ್ಕದಲ್ಲೇ ಹುಡುಕುತ್ತದೆ. ಟನಲ್ ಎಷ್ಟು ಹಸಿರಾಗಿದ್ದರೂ ಅದರೊಳಕ್ಕೆ ಡೇಟಾದ ಒಂದು ತುಣುಕೂ, ಅಂದರೆ ಒಂದು ಪ್ಯಾಕೆಟ್ಟೂ ಬೀಳುವುದಿಲ್ಲ.

ಇದಕ್ಕೆ ಎಎಂಸಿಯವರು ಕೊಟ್ಟ ಉಪಾಯ ಇನ್ನೂ ಕೆಟ್ಟದ್ದು: ಎರಡೂ ಆಫೀಸನ್ನು ಟನಲ್ ಮೇಲೆಯೇ ಬ್ರಿಡ್ಜ್ ಮಾಡಿ ಒಂದೇ ನೆಟ್‌ವರ್ಕ್ ಮಾಡೋದು. ಮಾಡಿದರು. ಮರುದಿನ ಬೆಳಗ್ಗೆ ಹುಬ್ಬಳ್ಳಿಯ ಅರ್ಧ ಕಂಪ್ಯೂಟರ್‌ಗಳು ಬೆಂಗಳೂರಿನ ಡಿಎಚ್‌ಸಿಪಿಯಿಂದ (ತಾನಾಗಿ ಐಪಿ ಹಂಚುವ ವ್ಯವಸ್ಥೆ) ವಿಳಾಸ ಪಡೆದು, ಇಂಟರ್ನೆಟ್‌ಗೂ ಬೆಂಗಳೂರನ್ನೇ ಸುತ್ತಿ ಹೋಗತೊಡಗಿದವು. ಎರಡು ಪ್ರಿಂಟರ್‌ಗಳ ಐಪಿ ಡಿಕ್ಕಿಯಾಯಿತು. ಇಲ್ಲಿಂದ ಕೊಟ್ಟ ಇನ್‌ವಾಯ್ಸ್ ಅಲ್ಲಿ ಪ್ರಿಂಟಾಯಿತು. ಬ್ರಿಡ್ಜ್ ಎಂಬ ಪದ ಕಿವಿಗೆ ಬಿದ್ದರೆ ಬೇಡ ಅಂದುಬಿಡಿ.

ಸರಿಯಾದ ದಾರಿ, ಚಿಕ್ಕ ಆಫೀಸಿನ ವಿಳಾಸ ಬದಲಿಸುವುದು. ಹುಬ್ಬಳ್ಳಿಗೆ 10.22.1 ಸರಣಿ ಕೊಟ್ಟದ್ದಾಯಿತು. 192.168.0, 192.168.1 ಎರಡರಿಂದಲೂ ದೂರ ಇರಿ, ಮನೆ ಮನೆಯ ರೂಟರ್‌ನಲ್ಲೂ ಅವೇ ಇರುತ್ತವೆ; ಮುಂದೆ ಮನೆಯಿಂದ ಕೆಲಸ ಮಾಡುವವರಿಗೆ ಇದೇ ಗೋಳು ಮತ್ತೆ ಬರುತ್ತದೆ. ಸರ್ವರ್‌ನಲ್ಲಿ ಡಾಕರ್ ಎಂಬ ತಂತ್ರಾಂಶ ಇದ್ದರೆ 172.17 ಕೂಡ ಬೇಡ, ಅದು ಆ ಸರಣಿಯನ್ನೇ ಬಳಸುತ್ತದೆ. ಹಿಂದಿನ ದಿನವೇ ಡಿಎಚ್‌ಸಿಪಿ ಲೀಸ್ (ಕೊಟ್ಟ ವಿಳಾಸದ ಅವಧಿ) ಒಂದು ಗಂಟೆಗೆ ಇಳಿಸಿ, ಶನಿವಾರ ಸಂಜೆ ಬದಲಿಸಿ. ಕೈಯಿಂದ ಐಪಿ ಹಾಕಿರುವ ಸಾಮಾನುಗಳನ್ನು ಮೊದಲೇ ಸುತ್ತಿ ಬರೆದುಕೊಳ್ಳಿ: ಪ್ರಿಂಟರ್, ಬೆರಳಚ್ಚು ಹಾಜರಿ ಯಂತ್ರ, ಡಿವಿಆರ್, ವೈಫೈ ಡಬ್ಬಗಳು. ಪ್ರಿಂಟರ್‌ನ ಐಪಿ ಬದಲಿಸಿದರೆ ಸಾಲದು, ಪ್ರತಿ ಕಂಪ್ಯೂಟರ್‌ನಲ್ಲೂ ಪ್ರಿಂಟರ್ ಪೋರ್ಟ್ ಹೊಸದಾಗಿ ಮಾಡಬೇಕು. ಬದಲಿಸಲು ಆಗುವುದೇ ಇಲ್ಲ ಅನ್ನುವ ಕಡೆ ಫೈರ್‌ವಾಲ್‌ನಲ್ಲಿ ಒಂದಕ್ಕೊಂದು ನ್ಯಾಟ್ (ದಾರಿಯಲ್ಲೇ ವಿಳಾಸ ಬದಲಿಸುವುದು) ಮಾಡಿ ಎದುರಿನವರಿಗೆ ಬೇರೆ ಸರಣಿ ತೋರಿಸಬಹುದು. ಅದು ತೇಪೆ, ಹಾಕಿದವನು ಬಿಟ್ಟು ಹೋದ ಮೇಲೆ ಯಾರಿಗೂ ಅರ್ಥವಾಗುವುದಿಲ್ಲ.

ವಿಳಾಸ ಸರಿಯಾದ ಮೇಲೂ ಪಿಂಗ್ ಬರಲಿಲ್ಲ. ಮತ್ತೆ ಮೂವರೂ ‘ನಮ್ಮದಲ್ಲ’. ತಪ್ಪು ನಿಜಕ್ಕೂ ಆ ಮೂವರದೂ ಅಲ್ಲ. ವಿಂಡೋಸ್ ತನ್ನ ಫೈರ್‌ವಾಲ್‌ನಲ್ಲಿ ಫೈಲ್ ಶೇರಿಂಗ್‌ಗೂ ಪಿಂಗ್‌ಗೂ ‘ಲೋಕಲ್ ಸಬ್‌ನೆಟ್’ಗೆ, ಅಂದರೆ ತನ್ನದೇ ಸರಣಿಗೆ ಮಾತ್ರ ಬಾಗಿಲು ತೆರೆದಿರುತ್ತದೆ. ಬೆಂಗಳೂರಿನ ಸರ್ವರ್‌ನಲ್ಲಿ ಆ ನಿಯಮದ ಸ್ಕೋಪ್‌ನಲ್ಲಿ 10.22.1.0/24 (ಹುಬ್ಬಳ್ಳಿಯ ಸರಣಿ ಪೂರ್ತಿ) ಸೇರಿಸಬೇಕು. ‘ಫೈರ್‌ವಾಲ್ ಆಫ್ ಮಾಡಿ ನೋಡಿ’ ಅನ್ನುವ ಸಲಹೆ ಬರುತ್ತದೆ. ಆಫ್ ಮಾಡಿದ್ದನ್ನು ಮತ್ತೆ ಆನ್ ಮಾಡುವುದು ಯಾರಿಗೂ ನೆನಪಿರುವುದಿಲ್ಲ.

ಆಮೇಲೆ ಪಿಂಗ್ ಬಂತು, ಫೋಲ್ಡರ್ ಕಂಡಿತು, ಫೈಲ್ ತೆರೆದರೆ ಸುತ್ತುತ್ತಲೇ ಇತ್ತು. ಚಿಕ್ಕ ಪ್ಯಾಕೆಟ್ ಹೋಗಿ ದೊಡ್ಡದು ನಿಂತರೆ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ನೋಡಿ. ಪಿಪಿಪಿಒಇ (ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಜೋಡಿಸುವ) ಲೈನಿನಲ್ಲಿ ಪ್ಯಾಕೆಟ್ ಗರಿಷ್ಠ 1492 ಬೈಟ್. ಟನಲ್‌ನ ಗೂಢಲಿಪಿ ಪದ್ಧತಿಯಾದ ಐಪಿಸೆಕ್‌ನ ಹೊದಿಕೆ ಅದರಲ್ಲಿ ಇನ್ನೊಂದು 50-80 ಬೈಟ್ ನುಂಗುತ್ತದೆ. ವಿಂಡೋಸ್‌ನಲ್ಲಿ ಪಿಂಗ್ ಜೊತೆ ‘-ಎಫ್ -ಎಲ್ 1464’ ಎಂದು ಕೊಟ್ಟು, ಟನಲ್ ಆಚೆಯ ಯಂತ್ರಕ್ಕೆ ಹೊಡೆಯಿರಿ. ಹೋಗದಿದ್ದರೆ ಹತ್ತತ್ತು ಇಳಿಸುತ್ತ ಬನ್ನಿ. ಹೋಗುವ ದೊಡ್ಡ ಅಂಕಿಗೆ 28 ಕೂಡಿಸಿದರೆ ನಿಮ್ಮ ಟನಲ್‌ನ ನಿಜವಾದ ಅಳತೆ. ಎರಡೂ ಫೈರ್‌ವಾಲ್‌ನಲ್ಲಿ ಟಿಸಿಪಿ ಎಂಎಸ್‌ಎಸ್ (ಪ್ಯಾಕೆಟ್ ಒಳಗಿನ ಡೇಟಾದ ಮಿತಿ) 1350ಕ್ಕೆ ಕಟ್ಟಿದರೆ ಸಾಮಾನ್ಯವಾಗಿ ಮುಗಿಯಿತು.

ಇನ್ನೊಂದು ಕಾಟ: ಗಂಟೆಗೊಮ್ಮೆ ಟನಲ್ ಬೀಳುವುದು. ಎರಡು ಕಡೆ ಎರಡು ಕಂಪನಿಯ ಡಬ್ಬ ಇದ್ದಾಗ ಇದು ತುಂಬಾ ಮಾಮೂಲು. ಐಕೆಇ (ಎರಡು ಡಬ್ಬಗಳು ಕೀಲಿ ಒಪ್ಪಿಕೊಳ್ಳುವ ವಿಧಾನ) ಎರಡನೇ ಆವೃತ್ತಿಯಲ್ಲಿ ಮೊದಲ ಸಲ ಟನಲ್ ಕಟ್ಟುವಾಗ ಪಿಎಫ್‌ಎಸ್ (ಪ್ರತಿ ಸಲ ಹೊಚ್ಚ ಹೊಸ ಕೀಲಿ ಮಾಡುವ ಸೆಟ್ಟಿಂಗ್) ಎರಡೂ ಕಡೆ ಹೊಂದದಿದ್ದರೂ ಗೊತ್ತಾಗುವುದಿಲ್ಲ. 3600 ಸೆಕೆಂಡ್ ಮುಗಿದು ಕೀಲಿ ಬದಲಿಸುವಾಗ ಸಿಕ್ಕಿಬೀಳುತ್ತದೆ. ಹಾಗಾಗಿ ಡೆಮೊ ಮಾಡಿದ ಅರ್ಧ ಗಂಟೆ ಎಲ್ಲವೂ ಚೆನ್ನಾಗಿರುತ್ತದೆ, ಇಂಜಿನಿಯರ್ ಗೇಟು ದಾಟಿದ ಮೇಲೆ ಬೀಳುತ್ತದೆ. ಎನ್‌ಕ್ರಿಪ್ಷನ್, ಡಿಎಚ್ ಗ್ರೂಪ್, ಪಿಎಫ್‌ಎಸ್, ಎರಡೂ ಹಂತದ ಲೈಫ್‌ಟೈಮ್, ಎರಡೂ ಕಡೆಯ ಸರಣಿ, ಇಷ್ಟನ್ನು ಒಂದೇ ಹಾಳೆಯಲ್ಲಿ ಬರೆಸಿ ಇಬ್ಬರ ಸಹಿ ಹಾಕಿಸಿ.

ಇಂಟರ್ನೆಟ್ ಕಂಪನಿಯವರನ್ನು ಕೇಳಬೇಕಾದದ್ದು ಒಂದೇ: ನಮ್ಮ ಫೈರ್‌ವಾಲ್‌ನ ಹೊರಗಿನ ಮುಖಕ್ಕೆ ಪಬ್ಲಿಕ್ ಐಪಿ (ಇಂಟರ್ನೆಟ್‌ನಿಂದ ನೇರ ಕಾಣುವ ವಿಳಾಸ) ಬರುತ್ತದೆಯೇ? ಅಲ್ಲಿ 100.64ರಿಂದ 100.127ರ ಒಳಗಿನ ಅಂಕಿ ಕಂಡರೆ ನೀವು ಅವರ ನ್ಯಾಟ್ ಹಿಂದೆ ಇದ್ದೀರಿ. 192.168 ಕಂಡರೆ ಮೋಡೆಮ್ ಇನ್ನೂ ರೂಟರ್ ಆಗಿ ಕೂತಿದೆ, ಸ್ಟ್ಯಾಟಿಕ್ ಐಪಿಗೆ ದುಡ್ಡು ಕಟ್ಟಿಯೂ ಅದು ಮೋಡೆಮ್‌ನಲ್ಲೇ ನಿಂತಿದೆ. ಬ್ರಿಡ್ಜ್ ಮೋಡ್ ಮಾಡಿಸಿ (ಈ ಬ್ರಿಡ್ಜ್ ಒಳ್ಳೆಯದು). ಪಬ್ಲಿಕ್ ಐಪಿ ಒಂದು ಕಡೆ ಇದ್ದರೂ ಸಾಕು, ಇಲ್ಲದ ಕಡೆಯಿಂದಲೇ ಟನಲ್ ಶುರುವಾಗಲಿ. ವಿಪಿಎನ್ ಬಳಸುವ ಯುಡಿಪಿ 500, 4500 ಪೋರ್ಟ್‌ಗಳು ತೆರೆದಿರಬೇಕು.

ಡೀಲರ್ ವಿಷಯದಲ್ಲಿ ನಿಜವಾಗಿ ಕೈಕೊಟ್ಟದ್ದು ಬೇರೆ. ಫೈರ್‌ವಾಲ್ ತಯಾರಿಸಿದ ಕಂಪನಿಗೇ ಫೋನ್ ಮಾಡೋಣವೆಂದರೆ, ಡಬ್ಬ ಡೀಲರ್‌ನ ಈಮೇಲ್‌ನಲ್ಲಿ ನೋಂದಣಿಯಾಗಿತ್ತು. ದುಡ್ಡು ನಮ್ಮದು, ಡಬ್ಬ ನಮ್ಮ ರ‍್ಯಾಕ್‌ನಲ್ಲಿ, ಆದರೂ ಟಿಕೆಟ್ ತೆರೆಯಲು ಹಕ್ಕಿಲ್ಲ. ವರ್ಗಾಯಿಸಿಕೊಳ್ಳಲು ಎಂಟು ದಿನ ಹಿಡಿಯಿತು. ಬಿಲ್ ಬಂದ ದಿನವೇ ಸೀರಿಯಲ್ ನಂಬರ್ ನಿಮ್ಮ ಸಂಸ್ಥೆಯ ಈಮೇಲ್‌ಗೆ ಮಾಡಿಸಿಕೊಳ್ಳಿ, ಅಡ್ಮಿನ್ ಪಾಸ್‌ವರ್ಡ್ ಲಕೋಟೆಯಲ್ಲಿ ನಿಮ್ಮ ಬೀರುವಿನಲ್ಲಿರಲಿ, ಸಪೋರ್ಟ್ ಮುಗಿಯುವ ತಾರೀಖು ಬರೆದಿಡಿ.

‘ನಮ್ಮದಲ್ಲ’ ಅನ್ನುವ ಆಟ ನಿಂತದ್ದು ಒಂದೇ ಕಾನ್ಫರೆನ್ಸ್ ಕಾಲ್‌ನಲ್ಲಿ. ಇಬ್ಬರೂ ಇಂಜಿನಿಯರ್ ಲೈನಿನಲ್ಲಿ, ಎರಡೂ ಫೈರ್‌ವಾಲ್‌ನಲ್ಲಿ ಪ್ಯಾಕೆಟ್ ಕ್ಯಾಪ್ಚರ್ (ಹಾದು ಹೋಗುವ ಪ್ಯಾಕೆಟ್‌ಗಳ ದಾಖಲೆ) ಚಾಲೂ. ಹುಬ್ಬಳ್ಳಿಯ ಲ್ಯಾಪ್‌ಟಾಪ್‌ನಿಂದ ನಾಲ್ಕೇ ಪಿಂಗ್. ಹುಬ್ಬಳ್ಳಿ ಡಬ್ಬದ ಒಳಮುಖದಲ್ಲಿ ನಾಲ್ಕು ಬಂತೇ? ಟನಲ್‌ಗೆ ನಾಲ್ಕು ಹೋಯಿತೇ? ಬೆಂಗಳೂರಿನ ಒಳಮುಖದಿಂದ ನಾಲ್ಕು ಹೊರಟಿತೇ? ಸರ್ವರ್‌ನ ಉತ್ತರ ವಾಪಸ್ ಬಂತೇ? ಆ ನಾಲ್ಕು ಪಿಂಗ್ ಸೊನ್ನೆಗೆ ಇಳಿದ ಜಾಗ ಯಾರದೋ, ಕೆಲಸ ಅವರದು. ಇಪ್ಪತ್ತು ನಿಮಿಷ ಸಾಕು.

ಪಿಒದಲ್ಲಿ (ಖರೀದಿ ಆದೇಶ) ಹಣದ ಶೇಕಡ 30 ತಡೆಹಿಡಿದು, ಅದನ್ನು ಯಾವಾಗ ಕೊಡುತ್ತೀರಿ ಎಂದು ಬರೆಯಿರಿ: 1 ಜಿಬಿ ಫೈಲ್ ಎರಡೂ ದಿಕ್ಕಿಗೆ ಕಾಪಿಯಾಗಿ, ಟ್ಯಾಲಿ ತೆರೆದು, ಟನಲ್ ಏಳು ದಿನ ಬೀಳದೆ ನಿಂತ ಮೇಲೆ. ಟ್ಯಾಲಿಯ ಡೇಟಾ ಫೋಲ್ಡರನ್ನು ವಿಪಿಎನ್ ಮೇಲೆ ನೇರ ಶೇರ್ ಮಾಡಬೇಡಿ, ನಮೂದಿಸುವ ನಡುವೆ ಲೈನ್ ಹೋದರೆ ಡೇಟಾ ಹಾಳಾಗಬಹುದು. ಟನಲ್ ಒಳಗೇ ರಿಮೋಟ್ ಡೆಸ್ಕ್‌ಟಾಪ್ ಕೊಡಿ. ಅದರ 3389 ಪೋರ್ಟ್ ಮಾತ್ರ ಇಂಟರ್ನೆಟ್‌ಗೆ ತೆರೆಯಬೇಡಿ.

ಕೊನೆಗೆ ಉಳಿದದ್ದು ಹುಬ್ಬಳ್ಳಿಯ ಹಳೇ ಜೆರಾಕ್ಸ್ ಯಂತ್ರ. ಅದರ ಸ್ಕ್ಯಾನ್ ಬೆಂಗಳೂರಿನ ಸರ್ವರ್‌ಗೆ ಬೀಳುತ್ತಿರಲಿಲ್ಲ; ಅದಕ್ಕೆ ಗೊತ್ತಿದ್ದದ್ದು ಎಸ್‌ಎಂಬಿ (ವಿಂಡೋಸ್ ಫೈಲ್ ಶೇರಿಂಗ್ ಪದ್ಧತಿ) ಒಂದನೇ ಆವೃತ್ತಿ ಮಾತ್ರ. ಯಂತ್ರದವರು ‘ಸರ್ವರ್‌ನಲ್ಲಿ ಅದನ್ನು ಆನ್ ಮಾಡಿಬಿಡಿ’ ಅಂದರು. 2017ರ ಮೇನಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳಿದ ವಾನಾಕ್ರೈ ವೈರಸ್ ಹರಡಿದ್ದು ಆ ಬಾಗಿಲಿನಿಂದಲೇ. ಯಂತ್ರವನ್ನು ಸ್ಕ್ಯಾನ್-ಟು-ಈಮೇಲ್‌ಗೆ ಹಾಕಿ ಬಿಟ್ಟದ್ದಾಯಿತು.