ಕೃಷಿ ಹೊಂಡ ತೋಡ್ಸೋ ಮುಂಚೆ ಬೇಲಿ ದುಡ್ಡು ಎತ್ತಿಟ್ಕೊಳಿ

ವಾರಕ್ಕೊಂದ್ಸಲ ಮಾತ್ರ ಹೋಗಿ ಬರೋ ತೋಟ ಇಟ್ಕೊಂಡಿರೋರು, ಅಲ್ಲಿ ಪ್ಲಾಸ್ಟಿಕ್ ಶೀಟ್ ಹಾಕಿದ ಕೃಷಿ ಹೊಂಡ ಮಾಡ್ಸಬೇಕು ಅಂತಿರೋರು ದಯವಿಟ್ಟು ಇದನ್ನ ಪೂರ್ತಿ ಓದಿ. ನಮ್ಮ ಹೊಂಡದಲ್ಲಿ ಪಕ್ಕದ ಹೊಲದವರ ಎರಡು ಮೇಕೆ ಸತ್ವು. ಅವನ್ನ ತೆಗೆಯಕ್ಕೆ ಹೋಗಿ ನಾನೂ ಜಾರಿ ಬಿದ್ದೆ. ನಂಗೆ ಈಜು ಬರುತ್ತೆ, ಚೆನ್ನಾಗೇ ಬರುತ್ತೆ, ಆದ್ರೂ ನಾನಾಗೇ ಮೇಲೆ ಬರಕ್ಕೆ ಆಗ್ಲಿಲ್ಲ.

ಜಾಗ ಮಧುಗಿರಿ ಕಡೆ. ಒಂದು ಎಕರೆ ಹತ್ತು ಗುಂಟೆ, ಕೆಂಪು ಮಣ್ಣು, ಮಾವು, ಸೀತಾಫಲ, ನಿಂಬೆ, ನುಗ್ಗೆ ಎಲ್ಲಾ ಸೇರಿ 70 ಗಿಡ. ನಾವಿರೋದು ಬೆಂಗಳೂರಲ್ಲಿ, ಹೋಗೋದು ಶನಿವಾರ ಬೆಳಗ್ಗೆ, ವಾಪಸ್ ಭಾನುವಾರ ಸಂಜೆ. ಬೋರು ಎರಡು ಸಲ ಕೊರೆಸಿ ಆಯ್ತು, ಎರಡನೇದು 900 ಅಡಿ ಹೋದ್ರೂ ಬರೀ ಧೂಳು ಬಂತು. ಮೊದಲನೇ ವರ್ಷ ಕಲ್ಲಿನ ಕಟ್ಟೆ ಮೇಲೆ 2000 ಲೀಟರ್ ಟ್ಯಾಂಕ್ ಇಟ್ಟು ಟ್ಯಾಂಕರ್ ನೀರು ತುಂಬಿಸಿ ಡ್ರಿಪ್‌ಗೆ ಬಿಡ್ತಿದ್ವಿ. ಒಂದ್ಸಲ ನಾವು ಹೊರಟ ಮೇಲೆ ವಾಲ್ವ್ ಹತ್ರ ಪೈಪ್ ಜಾಯಿಂಟ್ ಬಿಟ್ಕೊಂಡಿದೆ, ಮುಂದಿನ ಶನಿವಾರ ಬಂದು ನೋಡಿದ್ರೆ ಟ್ಯಾಂಕ್ ಖಾಲಿ, ಹನ್ನೊಂದು ಸಸಿ ಒಣಗಿಹೋಗಿದ್ವು. ಅಲ್ಲೇ ವಾಸ ಇರೋರಿಗೆ ಅದು ಐದು ನಿಮಿಷದ ಕೆಲಸ. ನಮ್ಮಂಥೋರಿಗೆ ಏನೇ ತಪ್ಪಾದ್ರೂ ಅದು ಆರು ದಿನ ಹಾಗೇ ನಡೀತಾ ಇರುತ್ತೆ. ಈ ಮಾತು ನಂಗೆ ಆವಾಗ್ಲೇ ಸರಿಯಾಗಿ ತಲೆಗೆ ಹೋಗಿದ್ರೆ ಮುಂದಿಂದು ಆಗ್ತಿರ್ಲಿಲ್ಲ.

ಅದಾದ ಮೇಲೆ ಹೊಂಡ ತೋಡ್ಸೋಣ ಅನ್ಕೊಂಡ್ವಿ. ಜೆಸಿಬಿಯೋರು ಬಂದು 12 ಮೀಟರ್ ಉದ್ದ, 12 ಮೀಟರ್ ಅಗಲ, 3 ಮೀಟರ್ ಆಳ ಅಂದ್ರು, ಎಷ್ಟು ದೊಡ್ಡದಾದ್ರೆ ಅಷ್ಟು ಒಳ್ಳೇದು ಸಾರ್ ಅಂದ್ರು, ನಾನೂ ಹೂಂ ಅಂದೆ. ಬದಿಗಳು ಇಳಿಜಾರು, ಒಂದು ಮೀಟರ್ ಕೆಳಗೆ ಹೋದ್ರೆ ಒಂದು ಮೀಟರ್ ಒಳಗೆ ಬರೋ ಹಾಗೆ. ಮಣ್ಣು ನೀರು ಹಿಡಿಯಲ್ಲ ಅಂತ ಶೀಟ್ ಹೊದಿಸಿದ್ವಿ, ಅದೂ ದುಡ್ಡು ಉಳಿಸಕ್ಕೆ ಹೋಗಿ ತೆಳ್ಳಂದು. ಬೇಲಿ ಅಂತ ಬಂದಾಗ ಕೈಯಲ್ಲಿ ದುಡ್ಡು ಮುಗಿದಿತ್ತು. 'ಬೇಲಿ ಆಮೇಲೆ ಹಾಕೊಳಿ ಸಾರ್, ಇಲ್ಲಿ ಯಾರು ಬರ್ತಾರೆ' ಅಂದ್ರು. ನಂಗೂ ಹಾಗೇ ಅನ್ನಿಸ್ತು, ಹಾಗಾಗಿ ಅವರೊಬ್ರ ಮೇಲೆ ತಪ್ಪು ಹಾಕಲ್ಲ.

ಸೆಪ್ಟೆಂಬರ್, ಅಕ್ಟೋಬರ್ ಮಳೇಲಿ ಹೊಂಡ ತುಂಬ್ತು. ಆ ನೀರು ನೋಡಿ ನಮ್ಮನೇಲಿ ಎಲ್ರಿಗೂ ಎಷ್ಟು ಖುಷಿ ಆಯ್ತು ಅಂದ್ರೆ, ತಂಗಿ ಮಗಳನ್ನ ಕರ್ಕೊಂಡು ಹೋಗಿ ಹೊಂಡದ ಅಂಚಲ್ಲಿ ಕೂರಿಸಿ ಕಾಲು ಇಳಿಬಿಡಿಸಿ ಫೋಟೋ ತೆಗ್ದಿದೀನಿ. ಅವಳಿಗೆ ಆರು ವರ್ಷ. ಆ ಫೋಟೋ ಈಗ್ಲೂ ಫೋನಲ್ಲಿದೆ, ತೆಗೆದು ನೋಡಕ್ಕೆ ಧೈರ್ಯ ಬರಲ್ಲ.

ಶಿವರಾತ್ರಿಗೆ ಮುಂಚಿನ ಶನಿವಾರ ಆಗಿದ್ದು. ನಾನೊಬ್ನೇ ಹೋಗಿದ್ದೆ. ಕಾರಿಂದ ಇಳೀತಿದ್ದ ಹಾಗೇ ವಾಸನೆ. ಹೊಂಡದಲ್ಲಿ ನೀರು ಅಂಚಿಂದ ಮೂರಡಿ ಕೆಳಗೆ ಇಳಿದಿತ್ತು, ಎರಡು ಮೇಕೆ ಹೊಟ್ಟೆ ಊದ್ಕೊಂಡು ತೇಲ್ತಿದ್ವು. ಹಳ್ಳ ಬತ್ತಿದೆ, ಸುತ್ತ ಎಲ್ಲೂ ನೀರಿಲ್ಲ, ಕುಡಿಯಕ್ಕೆ ಅಂತ ಇಳಿದಿವೆ. ಶೀಟ್ ಮೇಲೆ ಗೊರಸಲ್ಲಿ ಪರಚಿದ ಗುರುತು ಒಂದು ಕಡೆ ಅಲ್ಲ, ಮೂರು ಬದಿಯಲ್ಲೂ ಇತ್ತು. ಸುತ್ತ ಸುತ್ತ ಈಜಾಡಿ ಎಲ್ಲಾ ಕಡೆ ಹತ್ತಕ್ಕೆ ನೋಡಿವೆ ಪಾಪ.

ಪೈಪ್ ತುದಿಗೆ ಕೊಕ್ಕೆ ಕಟ್ಟಿ ಎಳ್ಕೊಳೋಣ ಅಂತ ಅಂಚಿಗೆ ಬಂದು ಬಗ್ಗಿದೆ ಅಷ್ಟೇ, ಕಾಲು ಜಾರಿದ್ದೇ ಗೊತ್ತಾಗ್ಲಿಲ್ಲ, ನೇರ ನೀರಿಗೆ ಹೋದೆ. ಮೊದಲು ಭಯ ಆಗ್ಲಿಲ್ಲ, ಈಜು ಬರುತ್ತಲ್ಲ. ದಡಕ್ಕೆ ಬಂದು ಕೈ ಊರಿದ್ರೆ ಕೈ ನಿಲ್ತಿಲ್ಲ. ಒದ್ದೆ ಪ್ಲಾಸ್ಟಿಕ್, ಅದರ ಮೇಲೆ ತೆಳ್ಳಗೆ ಪಾಚಿ, ಮೊಣಕಾಲು ಊರಿದ್ರೂ ಜಾರುತ್ತೆ, ಉಗುರಲ್ಲಿ ಹಿಡ್ಯಣ ಅಂದ್ರೆ ಹಿಡಿಯಕ್ಕೆ ಏನೂ ಇಲ್ಲ, ಬಾವಿ ಆದ್ರೆ ಕಲ್ಲು ಸಂದಿ ಇರುತ್ತೆ, ಕೆರೆ ಆದ್ರೆ ಹುಲ್ಲು ಬೇರು ಇರುತ್ತೆ, ಇದರಲ್ಲಿ ನಾಲ್ಕೂ ಕಡೆ ಒಂದೇ ನುಣುಪು. ಮಧ್ಯಕ್ಕೆ ಹೋದ್ರೆ ಕಾಲಿಗೆ ತಳ ಸಿಗಲ್ಲ. ಐದಾರು ಸಲ ಹತ್ತಕ್ಕೆ ನೋಡೋಷ್ಟರಲ್ಲಿ ತೋಳಲ್ಲಿ ಶಕ್ತಿನೇ ಹೋಯ್ತು. ಪ್ಯಾಂಟು ಶೂ ನೀರು ಕುಡ್ಕೊಂಡು ಭಾರ. ಕೊನೆಗೆ ಪಂಪ್‌ನ ನೀರೆಳೆಯೋ ಸಕ್ಷನ್ ಪೈಪ್ ಸಿಕ್ತು, ಅದನ್ನ ಮೇಲೆ ತಂತೀಲಿ ಕಟ್ಟಿದ್ವಿ, ಮೈ ಭಾರ ಎಳ್ಕೊಳೋಷ್ಟು ಗಟ್ಟಿ ಇರ್ಲಿಲ್ಲ ಆದ್ರೆ ತೇಲ್ತಾ ಹಿಡ್ಕೊಂಡಿರಬಹುದಿತ್ತು. ಹಿಡ್ಕೊಂಡು ಕೂಗಿದೆ. ಫೋನ್ ಕಾರಲ್ಲಿ.

ನನ್ನ ಉಳಿಸಿದ್ದು ಆ ಮೇಕೆಗಳೇ ಅನ್ನಬೇಕು. ಪಕ್ಕದ ಹೊಲದ ಅಜ್ಜಿ ಮಂಗಳವಾರದಿಂದ ಅವನ್ನ ಹುಡುಕ್ತಾ ಇದ್ರಂತೆ, ನನ್ನ ಕಾರು ಹೋಗಿದ್ದು ನೋಡಿ, ಇವರೇನಾದ್ರೂ ಕಂಡಿದಾರಾ ಕೇಳೋಣ ಅಂತ ಮೊಮ್ಮಗನ ಜೊತೆ ಬಂದಿದಾರೆ. ಹುಡುಗ ಓಡಿಹೋಗಿ ದನದ ಹಗ್ಗ ತಂದ. ಅವನು ಒಂದು ತುದಿ ಕೈಗೆ ಸುತ್ಕೊಂಡು ನಿಂತಿದ್ದ, ಅಜ್ಜಿ ಕೂಗಿದ್ರು, 'ನೀನು ಎಳೀಬೇಡ ಕಣ್ಲಾ, ನಿನ್ನೂ ಎಳ್ಕೊಂಡ್ ಹೋಗ್ತದೆ, ಮೊದ್ಲು ಮರಕ್ಕೆ ಕಟ್ಟು' ಅಂತ. ಹೊಂಗೆ ಮರಕ್ಕೆ ಕಟ್ಟಿ ಇನ್ನೊಂದು ತುದಿ ಎಸೆದ. ಅದನ್ನ ಹಿಡ್ಕೊಂಡು ಮೇಲೆ ಬಂದೆ. ಅವತ್ತು ಅಜ್ಜಿ ಆ ಮಾತು ಹೇಳದೇ ಇದ್ದಿದ್ರೆ ಒಂಬತ್ತನೇ ಕ್ಲಾಸಿನ ಆ ಹುಡುಗ ನನ್ನ ಭಾರಕ್ಕೆ ಒಳಗೆ ಬಂದಿರೋನು. ಪೇಪರಲ್ಲಿ ಓದ್ತೀವಲ್ಲ, ಒಬ್ರನ್ನ ಉಳಿಸಕ್ಕೆ ಹೋಗಿ ಕೃಷಿ ಹೊಂಡದಲ್ಲಿ ಇನ್ನೊಬ್ರೂ ಹೋದ್ರು ಅಂತ, ಅದು ಹೇಗಾಗುತ್ತೆ ಅಂತ ಅವತ್ತು ಅರ್ಥ ಆಯ್ತು.

ಆಮೇಲೆ ಅಜ್ಜಿ ನೀರಲ್ಲಿದ್ದ ಮೇಕೆ ನೋಡಿದ್ರು. ನಂಗೆ ಒಂದು ಮಾತೂ ಬೈಲಿಲ್ಲ. 'ಅದು ಗಬ್ಬದ ಮೇಕೆ ಕಣಪ್ಪ' ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, 'ನೀನು ಬರೋದು ಶನಿವಾರ, ಅವುಕ್ಕೆ ಬಾಯಾರಿಕೆ ದಿನಾ ಆಗ್ತದೆ' ಅಂದ್ರು. ಎರಡಕ್ಕೂ ದುಡ್ಡು ಕೊಟ್ಟಿದೀನಿ, ಸಂತೆ ರೇಟಿಗಿಂತ ಜಾಸ್ತೀನೇ ಕೊಟ್ಟಿದೀನಿ, ಆದ್ರೂ ಆ ಮನೆ ಮುಂದೆ ಹೋಗುವಾಗ ತಲೆ ಎತ್ತಕ್ಕಾಗಲ್ಲ.

ಶೀಟೂ ಹೋಯ್ತು. ಗೊರಸು ತಾಗಿ ತೂತಾಗಿದ್ದ ಕಡೆಯೆಲ್ಲಾ ನೀರು ಇಳಿದು ಮಣ್ಣು ಸೇರ್ತು. ಮೇಕೆ ಕೊಳೆತ ನೀರನ್ನ ಹೇಗಿದ್ರೂ ಖಾಲಿ ಮಾಡ್ಬೇಕಿತ್ತು, ಹಾಗಾಗಿ ಆ ಬೇಸಿಗೆ ಮತ್ತೆ ಟ್ಯಾಂಕರ್.

ಇನ್ನೊಂದು ವಿಷಯ ಆಮೇಲೆ ಕೂತು ಲೆಕ್ಕ ಹಾಕಿದಾಗ ಗೊತ್ತಾಗಿದ್ದು. ಅಷ್ಟು ದೊಡ್ಡ ಹೊಂಡ ನಮಗೆ ಬೇಕಾಗೇ ಇರ್ಲಿಲ್ಲ! 70 ಗಿಡ, ಒಂದಕ್ಕೆ 20 ಲೀಟರ್, ವಾರಕ್ಕೆ ಎರಡು ಸಲ ಅಂದ್ರೆ 2800 ಲೀಟರ್. ಫೆಬ್ರವರಿಯಿಂದ ಮೇ ವರೆಗೆ 16 ವಾರ ಇಟ್ಕೊಂಡ್ರೂ 44,800 ಲೀಟರ್. ನಮ್ಮ ಹೊಂಡ ತುಂಬಿದ್ರೆ ಎರಡೂವರೆ ಲಕ್ಷ ಲೀಟರ್. ಜಾಸ್ತಿ ಇದ್ರೆ ಒಳ್ಳೇದಲ್ವಾ ಅಂತೀರಾ, ಬಿಸಿಲಿಗೆ ಆವಿ ಆಗೋದು ನೋಡಿ. ದಿನಕ್ಕೆ 6 ಮಿಲಿಮೀಟರ್ ಅಂತ ಹಿಡಿದ್ರೂ, 144 ಚದರ ಮೀಟರ್ ಮೇಲ್ಮೈ ಇರೋ ಹೊಂಡದಿಂದ ದಿನಕ್ಕೆ 860 ಲೀಟರ್ ಮೇಲೆ ಹೋಗುತ್ತೆ. ನೀರು ಇಳಿದ ಹಾಗೆ ಮೇಲ್ಮೈ ಚಿಕ್ಕದಾಗುತ್ತೆ ನಿಜ, ಆದ್ರೂ ಗಿಡ ಕುಡಿಯೋದಕ್ಕಿಂತ ಬಿಸಿಲು ಕುಡಿಯೋದೇ ಜಾಸ್ತಿ. ನಮ್ಮಷ್ಟು ಸಣ್ಣ ತೋಟಕ್ಕೆ ಮುಚ್ಚಳ ಇರೋ ಕಪ್ಪು ಟ್ಯಾಂಕ್ ನಾಲ್ಕು, 5000 ಲೀಟರಿಂದು, ಮಟ್ಟ ಮಾಡಿದ ಗಟ್ಟಿ ನೆಲದ ಮೇಲೆ ಇಟ್ಟಿದ್ರೆ (ತುಂಬಿದಾಗ ಒಂದೊಂದೂ 5 ಟನ್, ನೆನಪಿರ್ಲಿ) ಆವಿ ಇಲ್ಲ, ಪಾಚಿ ಇಲ್ಲ, ಮಧ್ಯೆ ಐದಾರು ಟ್ಯಾಂಕರ್ ತರಿಸಿ ಸಾಗಿಸಬಹುದಿತ್ತು. ಶೆಡ್ ಇದ್ರೆ ಅದರ ಮಾಡಿನ ನೀರನ್ನೂ ಅದಕ್ಕೇ ಬಿಡಬಹುದು, ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಅಂದ್ರೆ ಒಂದು ಲೀಟರ್, ನಿಮ್ಮ ಮಾಡಿನ ಅಳತೆ ನೀವೇ ಹಾಕಿ ನೋಡಿ. ಟ್ಯಾಂಕ್‌ಗೆ ಒಂದೇ ದೊಡ್ಡ ಔಟ್‌ಲೆಟ್ ಇಟ್ಟು ಎಲ್ಲಾನೂ ಜೋಡಿಸ್ಬೇಡಿ, ಒಂದೊಂದಕ್ಕೂ ಬೇರೆ ವಾಲ್ವ್ ಇಟ್ಟು ಹೊರಡುವಾಗ ಒಂದನ್ನ ಬಿಟ್ಟು ಬಾಕಿ ಮುಚ್ಚಿ, ಜಾಯಿಂಟ್ ಬಿಟ್ರೂ ಒಂದೇ ಖಾಲಿ ಆಗ್ಲಿ.

ಇಲ್ಲ, ಜಾಸ್ತಿ ಜಮೀನಿದೆ, ಹೊಂಡನೇ ಬೇಕು ಅನ್ನೋರು ಬೇಲಿನ ಹೊಂಡದ ಖರ್ಚಲ್ಲೇ ಸೇರ್ಸಿ, ಬೇಲಿಗೆ ದುಡ್ಡಿಲ್ಲ ಅಂದ್ರೆ ಹೊಂಡಕ್ಕೂ ದುಡ್ಡಿಲ್ಲ ಅಂತಲೇ ಲೆಕ್ಕ. ನಮ್ಮ ಅಳತೆಗೆ ಅಂಚಿಂದ ಒಂದೂವರೆ ಮೀಟರ್ ಜಾಗ ಬಿಟ್ಟು 60 ಮೀಟರ್ ಬೇಲಿ ಬಂತು, ಕಲ್ಲು ಕಂಬ ನೆಟ್ಟು 5 ಅಡಿ ಚೈನ್ ಲಿಂಕ್ ತಂತಿ ಬಲೆ, ಬೀಗ ಹಾಕೋ ಗೇಟು. ಮುಳ್ಳುತಂತಿ ಮೂರು ಎಳೆ ಎಳೆದ್ರೆ ಸಾಲಲ್ಲ, ಮೇಕೆಮರಿ, ಮಕ್ಕಳು ಅದರ ಕೆಳಗೆ ನುಸುಳ್ತಾರೆ. ಸರ್ಕಾರದ ಕೃಷಿ ಭಾಗ್ಯ ಯೋಜನೇಲಿ ಈಗ ಹೊಂಡದ ಜೊತೆ ತಂತಿ ಬೇಲಿಗೂ ಸಹಾಯಧನ ಸೇರ್ಸಿದಾರೆ, ನಿಮ್ಮ ಹೋಬಳಿ ರೈತ ಸಂಪರ್ಕ ಕೇಂದ್ರದಲ್ಲಿ ಕೆಲಸ ಶುರು ಮಾಡೋ ಮುಂಚೆನೇ ಕೇಳಿ, ನಾನು ಕೇಳ್ಲೇ ಇಲ್ಲ. ಶೀಟ್ ಐಎಸ್ 15351 (ಇಂಥ ಶೀಟಿಗಿರೋ ಭಾರತೀಯ ಗುಣಮಟ್ಟದ ನಂಬರ್) ಗುರುತು ಇರೋದು, 500 ಮೈಕ್ರಾನ್ ಅಂದ್ರೆ ಅರ್ಧ ಮಿಲಿಮೀಟರ್ ದಪ್ಪದ್ದು ತಗೊಳಿ.

ಬೇಲಿ ಇದ್ರೂ ಒಳಗೆ ಹಗ್ಗ ಇರ್ಲೇಬೇಕು, ಯಾಕಂದ್ರೆ ಪಂಪು, ನೀರೊಳಗಿನ ಪೈಪ್ ತುದೀಲಿರೋ ಫುಟ್‌ವಾಲ್ವ್ ಅಂತ ಒಳಗೆ ಹೋಗೋದು ನಾವೇ. ನಾಲ್ಕೂ ಬದಿಗೆ ಒಂದೊಂದು, ದಪ್ಪ ನೈಲಾನ್ ಹಗ್ಗ, ಒಂದೊಂದು ಅಡಿಗೂ ಗಂಟು, ಒಂದು ತುದಿ ಬೇಲಿಯ ಕಲ್ಲು ಕಂಬಕ್ಕೆ, ಇನ್ನೊಂದು ತುದಿ ತಳ ಮುಟ್ಟಬೇಕು. 3 ಮೀಟರ್ ಆಳಕ್ಕೆ ಇಳಿಜಾರೇ ನಾಲ್ಕೂಕಾಲು ಮೀಟರ್ ಆಗುತ್ತೆ, ಕಂಬದ ದೂರ ಸೇರಿ 7 ಮೀಟರಿಗೆ ಕಮ್ಮಿ ತರ್ಬೇಡಿ, ಗಂಟಿಗೆ ಉದ್ದ ತಿನ್ನುತ್ತೆ, ಇನ್ನೊಂದು ಮೀಟರ್ ಜಾಸ್ತಿನೇ ಇರ್ಲಿ. ಮುಚ್ಚಳ ಬಿಗಿಯಾಗಿ ಹಾಕಿದ 20 ಲೀಟರ್ ಖಾಲಿ ಕ್ಯಾನು ಒಂದೆರಡು ಹಗ್ಗಕ್ಕೆ ಕಟ್ಟಿ ಅಲ್ಲೇ ಇಟ್ಟಿರಿ, ಯಾರಾದ್ರೂ ಬಿದ್ರೆ ಎಸೆಯಕ್ಕೆ. ಹಿಂದೆನೇ ನೀವು ಹಾರ್ಬೇಡಿ. ಒಬ್ರೇ ಇದ್ದಾಗ ಅಂಚಿಗೆ ಹೋಗ್ಬೇಡಿ, ಹೋಗ್ಲೇಬೇಕಾದ್ರೆ ಸೊಂಟಕ್ಕೆ ಹಗ್ಗ ಕಟ್ಕೊಂಡು ಅದರ ತುದಿ ಕಂಬಕ್ಕೆ ಕಟ್ಟಿ ಹೋಗಿ.

ಬೇಲಿ ಹೊರಗೆ ರಸ್ತೆ ಕಡೆಗೆ ಒಂದು ಸಿಮೆಂಟ್ ತೊಟ್ಟಿ ಇಡ್ಸಿದೀನಿ, ಸಣ್ಣ ಟ್ಯಾಂಕಿಂದ ಅದಕ್ಕೆ ಫ್ಲೋಟ್ ವಾಲ್ವ್, ನಾವಿಲ್ದಾಗ್ಲೂ ಕಮ್ಮಿಯಾದಷ್ಟು ತುಂಬ್ಕೊಳುತ್ತೆ. ಅಜ್ಜಿ ಮೇಕೆಗಳು ಈಗ ಅಲ್ಲಿ ಕುಡೀತವೆ. ತೊಟ್ಟಿ ತೊಳೆಯೋದು, ವಾಲ್ವ್ ಸಿಕ್ಕಾಕೊಂಡ್ರೆ ನಂಗೆ ಫೋನ್ ಮಾಡೋದು ಆ ಹುಡುಗನೇ. ಹಗ್ಗ ಬಿಸಿಲಿಗೆ ಲಡ್ಡಾಗುತ್ತೆ, ಮೇಲೆ ಚೆನ್ನಾಗೇ ಕಂಡ್ರೂ ಎಳೆದಾಗ ಕಿತ್ಕೊಂಡು ಬರುತ್ತೆ, ಅದಕ್ಕೆ ವರ್ಷಕ್ಕೊಂದ್ಸಲ ಹೊಸದು ಹಾಕ್ಬೇಕು. ನಾವು ಪ್ರತಿ ಯುಗಾದಿಗೆ ಅಂತ ಇಟ್ಕೊಂಡಿದೀವಿ, ಈ ಸಲದ ನಾಲ್ಕು ಹಗ್ಗ ತಂದು ಕಾರಿನ ಡಿಕ್ಕೀಲಿ ಇಟ್ಟಾಗಿದೆ.