ಎಎಂ2ಆರ್ 'ರೆಡಿ ಪ್ಯಾಕ್' ಹಾಕೋ ಮುಂಚೆ ಒಳಗಿರೋ ಸ್ಕ್ರಿಪ್ಟ್ ತೆಗೆದು ನೋಡಿ

ಲಿನಕ್ಸ್ ಹ್ಯಾಂಡ್‌ಹೆಲ್ಡ್ (ಕೈಯಲ್ಲಿ ಹಿಡ್ದು ಆಡೋ ಗೇಮಿಂಗ್ ಡಿವೈಸ್) ಇಟ್ಕೊಂಡಿರೋರು ದಯವಿಟ್ಟು ಇದನ್ನ ಪೂರ್ತಿ ಓದಿ. ಎಎಂ2ಆರ್ ಗೇಮಿಂದು 'ಎಲ್ಲಾ ಸೇರಿಸಿದೀವಿ, ಕಾಪಿ ಮಾಡಿ ಆಡಿ' ಅನ್ನೋ ಒಂದು ಜಿಪ್ ಹಾಕಿದ್ದಕ್ಕೆ ನನ್ನ ಪೋರ್ಟ್ಸ್ ಫೋಲ್ಡರ್ (ಬೇರೆ ಕಡೆಯ ಗೇಮನ್ನ ಈ ಡಿವೈಸಲ್ಲಿ ಓಡೋ ಹಾಗೆ ಮಾಡಿರೋ 'ಪೋರ್ಟ್'ಗಳು ಇರೋ ಜಾಗ) ಪೂರ್ತಿ ಖಾಲಿ ಆಯ್ತು. ಗೇಮ್‌ಗಳು ಹೋದ್ರೆ ಹೋಗ್ಲಿ, ಮತ್ತೆ ಹಾಕ್ಕೋಬೋದು, ಆದ್ರೆ ಪೋರ್ಟ್‌ಗಳ ಸೇವ್ ಫೈಲ್ ಹೆಚ್ಚಾಗಿ ಆಯಾ ಗೇಮಿನ ಫೋಲ್ಡರ್ ಒಳಗೇ ಇರತ್ತಲ್ಲ, ಅದೂ ಹೋಯ್ತು. ನಂದಷ್ಟೇ ಆಗಿದ್ರೆ ಪರ್ವಾಗಿರ್ಲಿಲ್ಲ, ಅದೇ ಡಿವೈಸಲ್ಲಿ ನನ್ ತಂಗಿ ಸ್ಟಾರ್‌ಡ್ಯೂ ವ್ಯಾಲಿ ಆಡ್ತಿದ್ಲು, ಅವಳ ತೋಟನೂ ಇಲ್ಲ ಈಗ. ಅವಳಿಗೆ ಹೇಳೋವಾಗ ತುಂಬಾ ಸಂಕಟ ಆಯ್ತು.

ಗೇಮ್ ಮಾಡಿದವರದ್ದು ಇದ್ರಲ್ಲಿ ಏನೂ ತಪ್ಪಿಲ್ಲ. 1991ರ ಗೇಮ್‌ಬಾಯ್ ಗೇಮ್ ಮೆಟ್ರಾಯ್ಡ್ 2ನ್ನ ಅಭಿಮಾನಿಯೊಬ್ರು ವರ್ಷಗಟ್ಲೆ ಕೂತು ಎಎಂ2ಆರ್ ಅಂತ ಹೊಸದಾಗಿ ಕಟ್ಟಿ 2016ರ ಆಗಸ್ಟಲ್ಲಿ ಬಿಟ್ರು, ಬಿಟ್ಟ ಬೆನ್ನಿಗೇ ನಿಂಟೆಂಡೊ ಕಾಪಿರೈಟ್ ನೋಟಿಸ್ ಕೊಟ್ಟು ಡೌನ್‌ಲೋಡ್ ಲಿಂಕ್ ತೆಗೆಸ್ತು. ಆಮೇಲೆ ಕಮ್ಯುನಿಟಿಯವ್ರು ಅಪ್‌ಡೇಟನ್ನ ಪ್ಯಾಚ್ ಆಗಿ ಕೊಡ್ತಾ ಬಂದಿದಾರೆ, 1.1 ಆವೃತ್ತಿಯ ಜಿಪ್ ನಾವೇ ತಂದು ಅದರ ಮೇಲೆ ಹಾಕ್ಬೇಕು. ಈ ತಲೆನೋವು ಬೇಡ ಅನ್ನೋರಿಗೆ ಅಂತ್ಲೇ ಯಾರ್ಯಾರೋ ರೆಡಿ ಪ್ಯಾಕ್ ಮಾಡಿ ಹಂಚ್ತಾರೆ, ಅಪಾಯ ಇರೋದು ಅಲ್ಲೇ.

ಆಗಿದ್ದಿಷ್ಟು. ಜಿಪ್ ಬಿಚ್ಚಿ ಕಾಪಿ ಮಾಡಿ ಮೆನುವಿಂದ ಓಪನ್ ಮಾಡಿದ್ರೆ ಸ್ಕ್ರೀನ್ ಕಪ್ಪಾಗಿ ವಾಪಸ್ ಮೆನುಗೇ ಬಂತು. ಲಿಸ್ಟ್ ರಿಫ್ರೆಶ್ ಮಾಡಿದ್ರೆ ಪೋರ್ಟ್ಸ್ ಅನ್ನೋ ವಿಭಾಗನೇ ಮಾಯ.

ಲ್ಯಾಪ್‌ಟಾಪಲ್ಲಿದ್ದ ಮೂಲ ಜಿಪ್ ತೆಗೆದು ಗೇಮ್ ಶುರು ಮಾಡೋ ಸ್ಕ್ರಿಪ್ಟ್ (ಸಾಲುಸಾಲಾಗಿ ಓಡೋ ಕಮಾಂಡ್ ಇರೋ ಫೈಲ್) ಓದ್ದಾಗ ಗೊತ್ತಾಯ್ತು. ಮೊದಲು ಪೋರ್ಟ್ಸ್ ಫೋಲ್ಡರ್‌ಗೆ ಹೋಗು, ಆಮೇಲೆ ಅದರೊಳಗೆ ದೊಡ್ಡಕ್ಷರದ ಎಎಂ2ಆರ್ ಫೋಲ್ಡರ್‌ಗೆ ಹೋಗು, ಆಮೇಲೆ ಹಳೇ ಆವೃತ್ತಿ ಇದ್ರೆ ತೆಗೆಯೋಕೆ ಅಂತ ಅಲ್ಲಿರೋದೆಲ್ಲಾ ಅಳಿಸು. ಆದ್ರೆ ಜಿಪ್‌ನಲ್ಲಿರೋ ಫೋಲ್ಡರ್ ಹೆಸರು ಚಿಕ್ಕಕ್ಷರದಲ್ಲಿದೆ! ಎಕ್ಸ್‌ಫ್ಯಾಟ್ ಅನ್ನೋ ಫಾರ್ಮ್ಯಾಟಿನ ಕಾರ್ಡಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಎರಡೂ ಒಂದೇ, ಹಾಗಾಗಿ ಮಾಡಿದವ್ರಿಗೆ ಸರಿಯಾಗೇ ಓಡಿರತ್ತೆ. ನಂದು ಇಎಕ್ಸ್‌ಟಿ4 ಫಾರ್ಮ್ಯಾಟ್, ಅಲ್ಲಿ ಎರಡೂ ಬೇರೆಬೇರೆ. ಎರಡನೇ 'ಸಿಡಿ' (ಫೋಲ್ಡರ್ ಒಳಗೆ ಹೋಗು ಅನ್ನೋ) ಕಮಾಂಡ್ ಫೇಲ್ ಆಯ್ತು, ಸ್ಕ್ರಿಪ್ಟ್ ಓಡಿಸೋ ಬ್ಯಾಷ್ ಒಂದು ಸಾಲು ಫೇಲ್ ಆದ್ರೆ ನಿಲ್ಲಲ್ಲ, ನೀವಾಗಿ ನಿಲ್ಲಿಸು ಅಂತ ಬರೀದೇ ಇದ್ರೆ ಮುಂದಿನ ಸಾಲಿಗೆ ಹೋಗ್ತಾನೇ ಇರತ್ತೆ, ಆ ಮುಂದಿನ ಸಾಲೇ 'ಆರ್‌ಎಂ' ಅಂದ್ರೆ ಅಳಿಸು, ಅದು ನಿಂತಿದ್ದ ಜಾಗ ಪೋರ್ಟ್ಸ್ ಫೋಲ್ಡರ್. ಇಂಥ ತುಂಬಾ ಡಿವೈಸ್‌ಗಳಲ್ಲಿ ಎಲ್ಲಾನೂ ರೂಟ್ (ಎಲ್ಲಾ ಅಧಿಕಾರ ಇರೋ ಬಳಕೆದಾರ) ಆಗೇ ಓಡೋದು, ಪಾಸ್‌ವರ್ಡ್ ಕೇಳಲ್ಲ, 'ಅಳಿಸ್ಲಾ' ಅಂತಾನೂ ಕೇಳಲ್ಲ.

'ಸಿಡಿ' ಆದ್ಮೇಲೆ 'ಆಗದಿದ್ರೆ ಇಲ್ಲಿಗೇ ನಿಲ್ಲು' ಅಂತ ಎರಡು ಪದ ಸೇರಿಸಿದ್ರೆ ಸಾಕಿತ್ತು. ಶೆಲ್‌ಚೆಕ್ ಅನ್ನೋ ಉಚಿತ ಟೂಲ್ ಇದೇ ತಪ್ಪನ್ನ ಎಸ್‌ಸಿ2164 ಅಂತ ನಂಬರ್ ಕೊಟ್ಟು ಹಿಡಿಯತ್ತೆ. ಸಾವಿರಾರು ಜನಕ್ಕೆ ಹಂಚೋ ಫೈಲನ್ನ ಒಂದ್ಸಲ ಅದರಲ್ಲಿ ಹಾಕಿ ನೋಡೋಕೆ ಏನ್ ಕಷ್ಟ? ನಂಗೆ ನಿಜವಾಗ್ಲೂ ಸಿಟ್ಟು ಬಂದಿರೋದು ಇದಕ್ಕೇ.

ಟೆಸ್ಟ್‌ಡಿಸ್ಕ್, ಫೋಟೋರೆಕ್ ಅನ್ನೋ ಅಳಿಸಿದ್ದನ್ನ ವಾಪಸ್ ತರೋ ಟೂಲ್ ಎರಡೂ ಹಾಕಿದೆ, ಸೇವ್ ಒಂದೂ ಸಿಗ್ಲಿಲ್ಲ. ಇಎಕ್ಸ್‌ಟಿ4ನಲ್ಲಿ ಅಳಿಸಿದ್ದು ವಾಪಸ್ ಬರೋದು ಬಹಳ ಕಷ್ಟ. ರೆಟ್ರೋಆರ್ಚ್‌ನ (ಹಳೇ ಕನ್ಸೋಲ್ ಗೇಮ್ ಆಡಿಸೋ ಆ್ಯಪ್) ಸೇವ್‌ಗಳು ಬೇರೆ ಕಡೆ ಇದ್ದಿದ್ದಕ್ಕೆ ಉಳ್ಕೊಂಡ್ವು.

ಆಡ್ಲೇಬೇಕು ಅಂದ್ರೆ ಇಂಥ ಗೇಮ್ ಹಾಕೋಕಂತ್ಲೇ ಇರೋ ಪೋರ್ಟ್‌ಮಾಸ್ಟರ್ ಮೂಲಕ ಹಾಕಿ, ಗೇಮ್ ಫೈಲ್ ಬೇರೆ ತಂದು ಇಡಿ. ಬೇರೆ ಎಲ್ಲಿಂದಾದ್ರೂ ಡಾಟ್ ಎಸ್‌ಎಚ್ (ಸ್ಕ್ರಿಪ್ಟ್) ಫೈಲ್ ಬಂದ್ರೆ ನೋಟ್‌ಪ್ಯಾಡಲ್ಲಿ ತೆಗೆದು 'ಆರ್‌ಎಂ' ಅಂತ ಹುಡುಕಿ, ಸಿಕ್ರೆ ಅದರ ಮೇಲಿನ ಸಾಲುಗಳನ್ನ ನಿಧಾನಕ್ಕೆ ಓದಿ. ಅದಕ್ಕೂ ಮುಂಚೆ ಪೋರ್ಟ್ಸ್ ಫೋಲ್ಡರ್ ಪೂರ್ತಿ ಲ್ಯಾಪ್‌ಟಾಪಿಗೆ ಕಾಪಿ ಮಾಡ್ಕೊಳ್ಳಿ. ಈಗಾಗ್ಲೇ ಹೀಗೆ ಅಳಿಸಿ ಹೋಗಿದ್ರೆ ತಕ್ಷಣ ಆಫ್ ಮಾಡಿ ಕಾರ್ಡ್ ಆಚೆ ತೆಗೀರಿ, ಅದರ ಮೇಲೆ ಏನೂ ಬರೀಬೇಡಿ, ಎಕ್ಸ್‌ಫ್ಯಾಟ್ ಕಾರ್ಡ್ ಆಗಿದ್ರೆ ಟೆಸ್ಟ್‌ಡಿಸ್ಕಲ್ಲಿ ಸಿಗೋ ಚಾನ್ಸ್ ಇದೆ.