ಮಂಗಳೂರಿನ ಪಣಂಬೂರು ಬಂದರಲ್ಲಿ ಹಡಗಿಂದ ಇಳಿದ್ರೆ ಬೇಕಲವಾ, ಮೂಡುಬಿದಿರೆಯಾ?

ಕ್ರೂಸಲ್ಲಿ ಬರುವ ಅತ್ತಿಗೆ ಕೇಳಿದ್ರು, ಒಂದೇ ದಿನ ಉಂಟು ಎಲ್ಲಿಗೆ ಹೋಗುವುದು ಅಂತ. ನಾನು ಕಾಸರಗೋಡಿನವಳು, ನನ್ನ ಮನಸ್ಸು ಬೇಕಲಕ್ಕೇ: ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ್ದು, ಸುಮಾರು 40 ಎಕರೆಯ ಕೆಂಪುಕಲ್ಲಿನ ಕೋಟೆ, ಬುರುಜು ಹತ್ತಿ ನಿಂತ್ರೆ ಕಡಲೇ ಕಡಲು, ದಾರಿಯಲ್ಲಿ ಕುಂಬಳೆ ಹತ್ರ ಅನಂತಪುರದ ಕೆರೆ ದೇವಸ್ಥಾನವನ್ನೂ ನೋಡಿಕೊಂಡು ಹೋಗಬಹುದು. ಆದ್ರೆ ಬಂದರಿಂದ ಹೆಚ್ಚುಕಮ್ಮಿ 70 ಕಿಲೋಮೀಟರ್, ಕೋಟೆಯೊಳಗೆ ನೆರಳು ಕಮ್ಮಿ, ಪ್ರಾಯ ಆದವರಿಗೆ ಮಧ್ಯಾಹ್ನ ಕಷ್ಟ.

ಮೂಡುಬಿದಿರೆ ಅರ್ಧ ದೂರ. 1430ರ ಸಾವಿರ ಕಂಬದ ಬಸದಿ, ಒಳಗೆ ತಂಪು, ಒಂದು ಕಂಬದ ಹಾಗೆ ಇನ್ನೊಂದಿಲ್ಲ.

ಹಡಗಿನವರದ್ದೇ ಟೂರ್ ಬಸ್ ತಡವಾದ್ರೆ ಸಾಮಾನ್ಯವಾಗಿ ಹಡಗು ಕಾಯ್ತದೆ, ನಾವೇ ಮಾಡಿದ ಟ್ಯಾಕ್ಸಿಗೆ ಕಾಯುವುದಿಲ್ಲ. ಹಾಗಾಗಿ ಕೈಯಲ್ಲಿ ಎಂಟೊಂಬತ್ತು ಗಂಟೆ ಇದ್ರೆ ಮಾತ್ರ ಬೇಕಲ, ಐದಾರೇ ಆದ್ರೆ ಮೂಡುಬಿದಿರೆ ಅಂತ ಅತ್ತಿಗೆಗೆ ಹೇಳಿದೆ.